ನಲವತ್ತನೆಯ ತಲೆ

ಒಂದು ಕಾಲದಲ್ಲಿ, ಅಂದರೆ ಹೋದ ಮಂಗಳವಾರ, ದಪ್ಪ ಗೋಡೆಯ ಕೋಣೆಯೊಂದರಲ್ಲಿ ಒಬ್ಬಳು ರಾಕ್ಷಸಿಯಿದ್ದಳು. ಮನುಷ್ಯರನ್ನು ಅಗಿಯದೆ ನುಂಗಿ, ಮುಕ್ಕಾಲು ಗಂಟೆ ಗುಡುಗಿ, ಕೂದಲೂ ಕೊಂಕದಂತೆ ಉಗುಳುತ್ತಿದ್ದಳು. ಜನ ಅವಳನ್ನು ಸ್ಕ್ಯಾನಿಂಗ್ ಮಷೀನು ಎನ್ನುತ್ತಿದ್ದರು.

ಅವಳ ಹೊಟ್ಟೆಯೊಳಗೆ ಮಲಗಿದವರಿಗೆ ಹೆದರಿಸುವ ಚಿತ್ರ ತೋರಿಸಿ, ಅವರು ಮನಸ್ಸನ್ನು ಸಮಾಧಾನ ಮಾಡಿಕೊಳ್ಳುವಾಗ ಮಿದುಳಿನ ಯಾವ ಮೂಲೆ ಬೆಳಗುತ್ತದೆಂದು ಡಾಕ್ಟರಮ್ಮ ನೋಡುತ್ತಿದ್ದರು. ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ಅನುಮಾನ, ಇಲ್ಲದ ದನಿ ಕಾಡುವ ಮನೋರೋಗ, ಇರುವ ಇಪ್ಪತ್ತು ಜನ, ಇಲ್ಲದ ಇಪ್ಪತ್ತು ಜನ. ಉಳಿದದ್ದು ಒಂದೇ ತಲೆ.

"ನಲವತ್ತನೆಯವರು ಆರೋಗ್ಯವಂತರು, ಇವತ್ತು ಬರ್ತಾರೆ. ಸಂಜೆ ಆರರೊಳಗೆ ಮುಗೀಬೇಕು, ನಾಳೆಯಿಂದ ಮಷೀನು ಬೇರೆಯವರದ್ದು," ಎಂದರು ಡಾಕ್ಟರಮ್ಮ.

"ಮುಗಿಸದಿದ್ರೆ ನನ್ನ ಕೆಲಸ ತೆಗೀರಿ ಮೇಡಂ!" ಎಂದು ಮಧ್ಯಾಹ್ನದ ಪಾಳಿಯ ಸಹಾಯಕ ಮಾತು ಕೊಟ್ಟ. ನೆರಳು ಯಾಕೆ ಹಿಂದೆಯೇ ಬರುತ್ತಿದೆ ಎಂದು ತಿರುಗಿ ನೋಡುವ ಆಸಾಮಿ. ಎಲ್ಲರೂ ಕರೆಯುವುದು ಅನುಮಾನಪ್ಪ ಎಂದೇ.

ಕಡತದಲ್ಲಿ ಹೆಸರಿಲ್ಲ, ಬರೀ ಅಂಕಿ. ಯಾರು ರೋಗಿಯೆಂದು ಅನುಮಾನಪ್ಪ ಮುಖ ನೋಡಿಯೇ ತೀರ್ಮಾನಿಸುತ್ತಿದ್ದ.

ಬೆಂಚಿನ ಮೇಲೆ ಅಣ್ಣ ತಂಗಿ ಕೂತಿದ್ದರು. ತಂಗಿ ಕತ್ತರಿ ಪಕ್ಕದಲ್ಲಿಟ್ಟುಕೊಂಡು ತಣ್ಣಗೆ ಸ್ವೆಟರ್ ಹೆಣೆಯುತ್ತಿದ್ದಳು. ಅಣ್ಣ ಕಾಲು ಕುಣಿಸುತ್ತ ಏನೋ ಗೊಣಗುತ್ತಿದ್ದ.

"ಅವನ ಕಣ್ಣು ನೋಡೋ! ಕತ್ತರಿ ಎತ್ತಿಡು," ಕಸ ಗುಡಿಸುವ ಅಕ್ಕ ಪಿಸುಗುಟ್ಟಿದಳು.

ಅನುಮಾನಪ್ಪ ಬೆಂಚಿನ ಮೇಲಿದ್ದ ಕತ್ತರಿ ಎತ್ತಿಟ್ಟ. ಆಮೇಲೆ ಪೆನ್ನು. ಆಮೇಲೆ ಗಾಜಿನ ಲೋಟ. ತಂಗಿಯ ಕಡೆ ಬಗ್ಗಿ, "ನಿಮ್ಮಣ್ಣನ್ನ ಹಿಡ್ಕೊಂಡಿರಿ ಅಮ್ಮ. ಇಂಥೋರನ್ನ ನಂಬೋ ಹಾಗಿಲ್ಲ" ಎಂದ.

"ಇಂಥೋರು ಅಂದ್ರೆ?" ಅವಳು ತಲೆಯೆತ್ತಲಿಲ್ಲ.

ಅಣ್ಣ ಎದ್ದ. "ನೀರು ಎಲ್ಲಿದೆ?"

"ಮೊದಲು ಮಾತ್ರೆ ತಗೊಂಡ್ಯಾ?" ಎಂದ ಅನುಮಾನಪ್ಪ.

"ಯಾವ ಮಾತ್ರೆ?"

"ನೋಡಿದ್ಯಾ ಅಕ್ಕ, ಒಪ್ಪೋದೇ ಇಲ್ಲ!"

ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ.

ನಾಲ್ಕೂವರೆಗೆ ಡಾಕ್ಟರಮ್ಮ ಬಂದರು. "ನಲವತ್ತನೆಯವರೆಲ್ಲಿ?"

"ಬಂದೇ ಇಲ್ಲ ಮೇಡಂ. ಯಾರೋ ಒಬ್ಬ ರೋಗಿ ಬಂದಿದ್ದ, ಹೋದ."

"ಬಂದಿದ್ದ," ಎಂದಳು ತಂಗಿ. "ಇವರೇ ಓಡಿಸಿದ್ರು. ಕಾಯಿಲೆ ಇರೋದು ನನಗೆ. ಮೂವತ್ತೊಂಬತ್ತು ನಾನು, ಬೆಳಿಗ್ಗೆನೇ ಮುಗೀತು. ನಲವತ್ತು ನಮ್ಮಣ್ಣ."

ಅನುಮಾನಪ್ಪನ ಮುಖ ಹಿಂಡಿದ ನಿಂಬೆಹಣ್ಣಾಯಿತು. ಓಡಿ, ಬಸ್ ಸ್ಟಾಪಿನಲ್ಲಿ ಅಣ್ಣನ ಕೈ ಹಿಡಿದ.

"ಮಷೀನಿಗೆ ಮೊದಲೇ ಹೆದರಿದ್ದೆ. ಈಗ ನಿಮ್ಮ ಮೇಲೂ ಅನುಮಾನ. ಮೊದಲು ನೀವು ಮಲಗಿ, ನೋಡ್ತೀನಿ," ಎಂದ ಅಣ್ಣ.

ಬೇರೆ ದಾರಿಯಿರಲಿಲ್ಲ. ರಾಕ್ಷಸಿ ಅನುಮಾನಪ್ಪನನ್ನೇ ನುಂಗಿದಳು. ಮೊದಲ ಚಿತ್ರವೇ ಹಲ್ಲು ಕಿರಿದ ನಾಯಿ.

"ಏನು ಪಿಸಪಿಸ ಅಂತಿದೀರಿ ಹೊರಗೆ? ಬಾಗಿಲು ಯಾಕೆ ಹಾಕಿದ್ರಿ? ಅಯ್ಯೋ, ತೆಗೀರಿ!"

ಮೈಕಿನಲ್ಲಿ ತಂಗಿಯ ದನಿ ಬಂತು. "ಅನುಮಾನದ ಜೊತೆ ಜಗಳ ಬೇಡ ಸಾರ್. 'ಬಂದ್ಯಾ, ಕೂತ್ಕೋ' ಅನ್ನಿ. ಉಪಚಾರ ಮಾಡದಿದ್ರೆ ತಾನೇ ಎದ್ದು ಹೋಗುತ್ತೆ. ಹನ್ನೆರಡು ವರ್ಷದಿಂದ ನಂದು ಇದೇ ಕಸುಬು."

"ಬಂದ್ಯಾ... ಕೂತ್ಕೋ..." ಅನುಮಾನಪ್ಪನ ಉಸಿರು ನಿಧಾನವಾಯಿತು. ಸ್ವಲ್ಪ ಹೊತ್ತಿಗೆ ರಾಕ್ಷಸಿ ಅವನನ್ನು ಉಗುಳಿದಳು.

"ಇವರೇ ಬದುಕಿ ಬಂದ್ರಲ್ಲ, ನನಗೇನು!" ಎಂದು ನಗುತ್ತ ಅಣ್ಣ ಒಳಗೆ ಹೋದ.

ಅನುಮಾನಪ್ಪ ಬೆವರು ಒರೆಸಿಕೊಂಡ. "ಕೆಲಸ ಉಳೀತಲ್ಲ ಮೇಡಂ?"

"ಉಳೀತು. ಜೊತೆಗೆ ಇನ್ನೊಂದು ಬಂತು," ಡಾಕ್ಟರಮ್ಮ ಹೊಸ ಕಡತ ತೆರೆದರು. "ಮುಂದಿನ ಅಧ್ಯಯನ, ಯಾವ ಕಾಯಿಲೆಯೂ ಇಲ್ಲದೆ ಎಲ್ಲರನ್ನೂ ಅನುಮಾನಿಸೋರ ಮೇಲೆ. ಒಂದನೇ ಅಂಕಿ ನಿನ್ನದು. ಹನ್ನೆರಡು ಸಲ ಒಳಗೆ ಮಲಗಬೇಕು."

ತಂಗಿ ಕೈ ಚಾಚಿದಳು. "ನನ್ನ ಕತ್ತರಿ ಕೊಡ್ತೀರಾ? ನೂಲು ಕತ್ತರಿಸಬೇಕು."

ಕೊಟ್ಟ. ಅವಳು ನೂಲು ಕತ್ತರಿಸಿ, ಇನ್ನೊಂದು ತೋಳು ಹೆಣೆಯುತ್ತಿರುವಷ್ಟರಲ್ಲಿ ಒಳಗೆ ಗುಡುಗು ನಿಂತಿತು. ಆರಕ್ಕೆ ಎರಡು ನಿಮಿಷ ಇರುವಾಗ ರಾಕ್ಷಸಿ ನಲವತ್ತನೆಯ ತಲೆಯನ್ನು ಉಗುಳಿದಳು.