ಅತ್ತೆಯ ವಿಮಾನದ ಲೆಕ್ಕ

“ಅಮ್ಮ ಆರಕ್ಕೆ ಹೊರಟಳು.”

ರಾತ್ರಿ ಮಾಂಟ್ರಿಯಲ್‌ನಿಂದ ಬುಶ್ತಾನಿಗೆ ಭಾವಮೈದ ಕಳಿಸಿದ ಸಂದೇಶ ಇಷ್ಟೇ. ಕಾಸಾಬ್ಲಾಂಕಾದಲ್ಲಿ ಎಷ್ಟೊತ್ತಿಗೆ ಇಳಿಯುತ್ತಾಳೆ ಅಂತ ಬರೆಯೋಕೆ ಆ ಮಹಾರಾಯನಿಗೆ ಬೆರಳು ನೋಯುತ್ತಿತ್ತೇನೋ. ಈಗ ಫೋನನ್ನೂ ಎತ್ತುತ್ತಿಲ್ಲ.

“ಹೋದ ಸಲ ಅಮ್ಮನ್ನ ಕಾಯಿಸಿದ್ದಕ್ಕೆ ಮದುವೆಮನೇಲಿ ಎಲ್ಲರೆದುರು ನಿಮ್ಮ ಮಾನ ಹರಾಜಾಯ್ತು. ಈ ಸಲವೂ ಕಾಯಿಸಿದ್ರೆ ನಾನು ನಡುವೆ ಬರಲ್ಲ,” ಎಂದು ಹೇಳಿ ಹೆಂಡತಿ ರಹ್ಮಾ ಕೆಲಸಕ್ಕೆ ನಡೆದಳು. ಹಾಸಿಗೆ ಹೊಲಿಯುವ ಬುಶ್ತಾ ಬೆಳಬೆಳಗ್ಗೆಯೇ ಬೀದಿಯ ಕಾಫಿ ಅಂಗಡಿಗೆ ಓಡಿದ.

ಅಲ್ಲಿ ನಿವೃತ್ತ ಭೂಗೋಳದ ಮೇಷ್ಟ್ರು ಸಿ ಜಿಲಾಲಿ ಕೂತಿದ್ದರು. ಬುಶ್ತಾನ ಅಂಗಿಗಂಟಿದ್ದ ದಾರ ಕಿತ್ತು ಕಿತ್ತಳೆಹಣ್ಣಿನ ಮೇಲೆ ಎಳೆದು ಅಳೆದರು.

“ಐದೂವರೆ ಸಾವಿರ ಕಿಲೋಮೀಟರು. ವಿಮಾನಕ್ಕೆ ಏಳು ಗಂಟೆ. ಸಂಜೆ ಆರಕ್ಕೆ ಹೊರಟರೆ ಅಲ್ಲಿಯ ರಾತ್ರಿ ಒಂದು. ನಮ್ಮ ಗಡಿಯಾರ ಐದು ಗಂಟೆ ಮುಂದೆ.”

“ಅಂದ್ರೆ ಬೆಳಿಗ್ಗೆ ಆರು!” ಎಂದ ಕ್ಷೌರಿಕ ಹಮ್ಮಾದಿ. “ಈಗ್ಲೇ ಏಳಾಯ್ತಲ್ಲೋ ಬುಶ್ತಾ!”

ಬುಶ್ತಾನ ಮುಖ ಹಿಂಡಿದ ನಿಂಬೆಯಂತಾಯಿತು. ಆದರೂ ಒಂದು ಗಳಿಗೆ ಯೋಚಿಸಿ ತಲೆಯಾಡಿಸಿದ. “ಸಾಧ್ಯವೇ ಇಲ್ಲ. ನಮ್ಮತ್ತೆ ಬಂದಿಳಿದು ಒಂದು ಗಂಟೆ ಆಗಿದ್ರೆ ಇಷ್ಟೊತ್ತಿಗೆ ಊರಿಗೆಲ್ಲ ಕೇಳಿಸಿರೋದು.”

ಮಾತು ಎಲ್ಲರಿಗೂ ಸರಿಯೆನಿಸಿತು. ಹಾಗಾದರೆ ಐದು ಗಂಟೆಯನ್ನು ಇನ್ನೊಂದು ಸಲ ಕೂಡಿಸಬೇಕು ಎಂದು ಮೇಷ್ಟ್ರು ತೀರ್ಪು ಕೊಟ್ಟು, ಕಿತ್ತಳೆ ಸುಲಿದು ತಿಂದರು. ಹನ್ನೊಂದು ಅಂತ ಇತ್ಯರ್ಥವಾಯಿತು.

ಹನ್ನೊಂದಕ್ಕೆ ಸರಿಯಾಗಿ, ಹಮ್ಮಾದಿಯ ಮುದಿ ಕಾರು ಮೂವರನ್ನೂ ಕೆಮ್ಮುತ್ತಾ ವಿಮಾನ ನಿಲ್ದಾಣಕ್ಕೆ ತಂದು ಕೆಡವಿತು.

“ಮಾಂಟ್ರಿಯಲ್ ವಿಮಾನವಾ?” ಕಾವಲಿನವನು ನಕ್ಕ. “ಆರಕ್ಕೇ ಬಂತಲ್ಲ ಮಾರಾಯ!”

ಬುಶ್ತಾ ಎದ್ದುಬಿದ್ದು ಓಡಿದ. ಒಳಗೆ ಮೂಲೆಯ ಬೆಂಚಿನ ಮೇಲೆ ಅತ್ತೆ ಲಲ್ಲಾ ತಾಮು ಪೆಟ್ಟಿಗೆ ತಬ್ಬಿಕೊಂಡು ಗೊರಕೆ ಹೊಡೆಯುತ್ತಿದ್ದಳು. ಮೇಷ್ಟ್ರೂ ಹಮ್ಮಾದಿಯೂ ಕಂಬದ ಮರೆಗೆ ಸರಿದರು.

“ಲಲ್ಲಾ...” ಎಂದ ಬುಶ್ತಾ, ಬೈಗುಳಕ್ಕೆ ತಲೆ ಬಗ್ಗಿಸಿ.

ಅವಳು ಕಣ್ಣುಜ್ಜಿಕೊಂಡು ಕೈಗಡಿಯಾರ ನೋಡಿದಳು. ಅದಿನ್ನೂ ಮಾಂಟ್ರಿಯಲ್‌ನಲ್ಲೇ ಇತ್ತು.

“ಆರು ಗಂಟೆ! ಬೆಳಗಿನ ಆರಕ್ಕೇ ಬಂದುಬಿಟ್ಟೆಯಾ ಮಗನೇ? ನಡುರಾತ್ರಿ ಒಂದಕ್ಕೆ ನನ್ನನ್ನ ಇಳಿಸಿದ್ರು. ನಿನ್ನ ನಿದ್ದೆ ಯಾಕೆ ಕೆಡಿಸಲಿ ಅಂತ ಇಲ್ಲೇ ಒರಗಿದೆ.” ಅವಳ ಕಣ್ಣು ತುಂಬಿ ಬಂತು. “ಹೊತ್ತು ಗೊತ್ತಿಲ್ಲದವನು ಅಂತ ಊರೆಲ್ಲ ಬೈದೆನಲ್ಲಪ್ಪಾ ನಿನ್ನನ್ನ!”

ಬುಶ್ತಾ ಬಾಯಿ ತೆರೆದ. ಕಂಬದ ಮರೆಯಿಂದ ಮೇಷ್ಟ್ರು ಎರಡೂ ಕೈ ಮುಗಿದರು. ಬಾಯಿ ಮುಚ್ಚಿದ.

“ನಾಳೆ ಮೆಕ್ನೆಸ್‌ಗೆ, ದೊಡ್ಡ ಮಗಳ ಮನೆಗೆ ಹೋಗೋಣಾಂತಿದ್ದೆ,” ಲಲ್ಲಾ ತಾಮು ಅವನ ಕೆನ್ನೆ ಸವರಿದಳು. “ಇನ್ನು ಹೋಗಲ್ಲ. ಆ ಅಳಿಯ ಹತ್ತರವರೆಗೂ ಬಿದ್ಕೊಂಡಿರ್ತಾನೆ. ಈ ಚಳಿಗಾಲ ಪೂರ್ತಿ ನಿಮ್ಮಲ್ಲೇ ಇರ್ತೀನಿ. ಬೆಳಗಿನ ನಮಾಜಿಗೆ ದಿನಾ ನೀನೇ ನನ್ನನ್ನ ಮಸೀದಿಗೆ ಕರಕೊಂಡು ಹೋಗು.”

ಪೆಟ್ಟಿಗೆ ಹೊತ್ತು ಬುಶ್ತಾ ಹಿಂದೆ ನಡೆದ. ಹೊರಗೆ ನೆತ್ತಿಯ ಹತ್ತಿರ ಸೂರ್ಯ ಉರಿಯುತ್ತಿದ್ದ. ಲಲ್ಲಾ ತಾಮು ಕಣ್ಣಿಗೆ ಕೈ ಅಡ್ಡ ಹಿಡಿದು ಹೆಮ್ಮೆಯಿಂದ ನಿಂತಳು.

“ನೋಡು ಮಗನೇ, ನಮ್ಮ ದೇಶದಲ್ಲಿ ಸೂರ್ಯನೂ ಎಷ್ಟು ಬೇಗ ಏಳ್ತಾನೆ!”