ಹೆಸರು ಹೇಳಬಾರದ ಹುಳ

ನಮ್ಮ ದೊಡ್ಡಪ್ಪನಿಗೆ ಮನುಷ್ಯರಲ್ಲಿ ಒಬ್ಬ ವೈರಿಯೂ ಇರಲಿಲ್ಲ. ಇದ್ದ ವೈರಿಗಳೆಲ್ಲ ಹಿತ್ತಲಲ್ಲಿದ್ದರು! ದೇವದುರ್ಗದ ಆ ಮನೆಗೆ ರಜೆಗೆ ಹೋದರೆ ಮೊದಲು ಕೈಗೆ ಸಿಗುತ್ತಿದ್ದುದು ಚಹಾ ಅಲ್ಲ, ಬಡಿಗೆ. ಹಾಸಿಗೆ ಬಡಿಯಬೇಕು, ಕುಳ್ಳಿನ, ಅಂದರೆ ಬೆರಣಿಯ, ರಾಶಿ ಬಡಿಯಬೇಕು, ಚಪ್ಪಲಿ ಕೊಡವಬೇಕು. ಮಾನ್ವಿಯ ಒಂದು ಮದುವೆಯಲ್ಲಂತೂ ಈ ಪುಣ್ಯಾತ್ಮ ಚೇಳಿನ ಅನುಮಾನದಿಂದ ಬೀಗರ ಚಪ್ಪಲಿಗಳನ್ನೆಲ್ಲ ಕೊಡವಿ ಗುಡ್ಡೆ ಹಾಕಿದ. ಅಂದು ಒಂದೊಂದು ಕಾಲಿಗೆ ಒಂದೊಂದು ಜೋಡಿಯ ಚಪ್ಪಲಿ ಮೆಟ್ಟಿಕೊಂಡು ಊರು ಸೇರಿದವರು ಎಷ್ಟು ಮಂದಿಯೋ!

ಗಿಡಗಳ ಮೇಲೂ ಅವನಿಗೆ ಇದೇ ವಿಷದ ಅನುಮಾನ. ದತ್ತೂರಿ ಕಿತ್ತ, ಕಳ್ಳಿ ಕಡಿದ, ಕೊನೆಗೆ ಪಕ್ಕದ ಮನೆಯ ಚಾಚಾನ ಕಣಗಿಲ ಗಿಡಕ್ಕೂ ಕೊಡಲಿ ಎತ್ತಿದ.

“ಅರೇ, ಹೂವಿಗೆ ಅಂಜ್ತೀ, ನನಗ ಅಂಜಂಗಿಲ್ಲೇನೋ?” ಎಂದ ಚಾಚಾ.

“ನೀ ಬರೋದು ಕಾಣ್ತದಪಾ. ವಿಷ ಕಾಣಂಗಿಲ್ಲ.”

ಗಿಡ ಹೋಯಿತು. ಅದರ ಜೊತೆಗೆ ಬಹಳ ದಿನ ಮಾತೂ ಹೋಯಿತು.

ಇಂಥ ಶೂರನ ಬಾಯಿಗೆ ಒಂದು ಶಬ್ದ ಮಾತ್ರ ಬರುತ್ತಿರಲಿಲ್ಲ: ಹಾವು. ನಮ್ಮ ಕಡೆ ಅದಕ್ಕೆ ‘ಹುಳ’ ಎನ್ನುತ್ತಾರೆ. ಕಚ್ಚಿತು ಎನ್ನದೆ ‘ಮುಟ್ಟಿತು’ ಎನ್ನುತ್ತಾರೆ. ಬೇರೆಯವರಿಗೆ ಈ ಎಚ್ಚರ ದೀಪ ಹಚ್ಚಿದ ಮೇಲೆ ಮಾತ್ರ. ಇವನು ಮಟಮಟ ಮಧ್ಯಾಹ್ನವೂ ಬಾಯಿ ಮುಚ್ಚಿಸುತ್ತಿದ್ದ.

“ಹೆಸರು ತಗಂಡ್ರ ಕರದಂಗ ಆಕ್ಕದಲೇ. ಬರ್ತದ!”

ಹೆಸರು ಹೇಳದಿದ್ದರೂ ಬಂತು. ಎಂಬತ್ತರ ದಶಕದ ಒಂದು ಬೇಸಿಗೆಯ ಬೆಳಗ್ಗೆ ಅವನ ಹೆಂಡತಿ, ನಮ್ಮ ದೊಡ್ಡವ್ವ, ಅಡುಗೆಯ ಅವಸರದಲ್ಲಿ ಬಡಿಯದೆ ಕುಳ್ಳಿಗೆ ಕೈ ಹಾಕಿದಳು. ದೊಡ್ಡಪ್ಪ ಬಾಡಿಗೆ ಜೀಪಿನಲ್ಲಿ ಅವಳನ್ನು ರಾಯಚೂರಿನ ಆಸ್ಪತ್ರೆಗೆ ತಂದ. ಅಲ್ಲಿದ್ದವರು ಮೈಸೂರು ಕಡೆಯಿಂದ ಹೊಸದಾಗಿ ಬಂದ ಡಾಕ್ಟರು. ಅಲ್ಲಿ ನಡೆದ ಮಾತನ್ನು ಆಮೇಲೆ ಅವರೇ ತಲೆ ತಗ್ಗಿಸಿ ನನಗೆ ಹೇಳಿದರು.

“ಹುಳ ಮುಟ್ಯಾದ್ರೀ.”

“ಮುಟ್ಟಿದ್ದಾ? ಕಂಬಳಿಹುಳನಾ?”

“ಅಲ್ರೀ. ಉದ್ದಂದ್ರೀ.”

“ಜರಿನಾ?”

“ಅದಕ ಕಾಲಿಲ್ರೀ.”

ಕಾಲಿಲ್ಲದ ಉದ್ದನೆಯ ಹುಳ! ಇಷ್ಟು ಹೇಳಿದರೂ ಹೊಳೆಯದ ಓದು ಎಂಥ ಓದು? ಹೆಂಡತಿಯ ಜೀವ ಹೋಗುತ್ತಿದ್ದರೂ ಬಾಯಿ ಬಿಡಿಸದ ಅಂಜಿಕೆ ಎಂಥ ಅಂಜಿಕೆ? ಇಬ್ಬರ ಮೇಲೂ ನನಗೆ ಇಂದಿಗೂ ಸಿಟ್ಟಿದೆ. ಹೊರಗೆ ರೋಗಿಗಳ ಸಾಲು ಉದ್ದವಿತ್ತಂತೆ. ಡಾಕ್ಟರು ಮುಲಾಮು ಕೊಟ್ಟು, ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿದರು.

ರಾಯಚೂರಿನಲ್ಲೇ ಕಾಲೇಜು ಓದುತ್ತಿದ್ದ ನಾನು ಸುದ್ದಿ ತಿಳಿದು ಓಡಿ ಬಂದಾಗ ದೊಡ್ಡವ್ವನ ಕಣ್ಣುರೆಪ್ಪೆಗಳು ಜೋತುಬಿದ್ದಿದ್ದವು. ಅದನ್ನು ಕಂಡು ದೊಡ್ಡಪ್ಪ ಬಾಗಿಲಲ್ಲಿ ನಿಂತು ಕೂಗುತ್ತಿದ್ದ.

“ಹಾವ್ರೀ! ಡಾಕ್ಟರ್ರೇ, ಹಾವು! ನಾಗರಹಾವು!”

ಇಡೀ ಆಸ್ಪತ್ರೆ ಎದ್ದು ಓಡಿ ಬಂತು. ಇಂಜೆಕ್ಷನ್ ಕೊಟ್ಟರು. ಆದರೆ ತಡವಾಗಿತ್ತು.

ನಮ್ಮಲ್ಲಿ ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ‘ಏ’, ‘ಇಕಿ’ ಎನ್ನುವುದರಲ್ಲೇ ಸಂಸಾರ ಮುಗಿದುಹೋಗುತ್ತದೆ. ಅಂದು ದೊಡ್ಡಪ್ಪ ಮಂಚದ ಪಕ್ಕ ನೆಲದ ಮೇಲೆ ಕೂತು, ಅವಳ ಕಿವಿಗೆ ಬಾಯಿ ಹಚ್ಚಿ ಕರೆದ.

“ಶರಣವ್ವಾ... ಏ ಶರಣವ್ವಾ...”

ನರ್ಸ್ ಬಂದು ದೊಡ್ಡವ್ವನ ಮುಖದ ಮೇಲೆ ಬಟ್ಟೆ ಎಳೆದಳು. ಅವನು ಬಟ್ಟೆ ಸರಿಸಿ ಮತ್ತೆ ಕರೆದ. ಆಮೇಲೆ ನನ್ನ ಕೈ ಹಿಡಿದು ಜಗ್ಗಿದ.

“ನೀನೂ ಒಂದ್ಸಲ ಕರಿಯಲೇ. ನನ್ನ ದನಿ ಆಕಿಗೆ ಗುರುತು ಸಿಗವಲ್ದು.”

ಅವನ ಪಕ್ಕ ಕೂತು ನಾನೂ ಕರೆದೆ.