ತೆಪ್ಪದ ಮೇಲಿನ ಗುಡ್ಡ

ನೆಲದ ಮೇಲೆ ಗೋಡೆ ಕಟ್ಟುವ ಗೌಂಡಿಗೆ ನಗೆಪಾಟಲಿನ ಪ್ರಸಂಗಗಳು ಅಪರೂಪ. ಹೊಳೆಯಲ್ಲಿ ತೇಲುವ ತೆಪ್ಪದ ಮೇಲೆ ಗುಡ್ಡ ಕಟ್ಟಿ, ಅದರಿಂದ ನೀರು ಬೀಳಿಸುವ ನನ್ನಂಥವನಿಗೆ ಮಾತ್ರ ಹೋದಲ್ಲೆಲ್ಲ ಒಂದು ಕಾದಿರುತ್ತಿತ್ತು. ದೊಡ್ಡ ಯುದ್ಧ ಶುರುವಾಗುವ ಮುಂಚಿನ ಮಾತು. ನಮ್ಮ ಕಡೆಯ ದೇಸಾಯರು, ಗೌಡರು ಮದುವೆಯಾದ ಜೋಡಿಯನ್ನು ಇಂಥ ತೆಪ್ಪದಲ್ಲಿ ಮೆರೆಸುವ ಹುಚ್ಚು ಹಚ್ಚಿಕೊಂಡಿದ್ದರು. ನಾನು ಶಿಗ್ಗಾಂವಿಯವನು. ನನ್ನ ಜೊತೆಗಾರ ಸವಣೂರಿನ ಚಾಚಾ, ಮೊಹರಮ್ಮಿಗೆ ಬಿದಿರು-ಕಾಗದದ ತಾಬೂತು ಕಟ್ಟುವ ಕೈ. ಖಾಲಿ ಪೀಪಾಯಿಗಳ ಮೇಲೆ ಹಲಗೆ, ಅದರ ಮೇಲೆ ಬಿದಿರಿನ ಹಂದರ, ಗೋಣಿತಟ್ಟು, ತೆಳ್ಳಗೆ ಗಾರೆ, ಬಣ್ಣ. ದೂರದಿಂದ ನೋಡಿದರೆ ಕರಿಕಲ್ಲಿನ ಗುಡ್ಡವೇ.

ಬಲಿಯದ ಕಲ್ಲು

ಹತ್ತಿಮತ್ತೂರಿನ ಕಡೆ, ವರದಾ ಹೊಳೆಯ ದಂಡೆಗೆ ತೆಪ್ಪ ಕಟ್ಟಿ ಊಟಕ್ಕೆ ಹೋಗಿದ್ದೆವು. ಬಂದು ನೋಡಿದರೆ ಒಬ್ಬಾಕೆ ನಮ್ಮ ಗುಡ್ಡದ ಬಂಡೆಯ ಮುಂದೆ ಬಟ್ಟೆ ಒಗೆಯಲು ನಿಂತಿದ್ದಾಳೆ. “ಅಕ್ಕಾ, ಬ್ಯಾಡ!” ಎನ್ನುವಷ್ಟರಲ್ಲಿ ಒದ್ದೆ ಕಂಬಳಿ ಎತ್ತಿ ಬಡಿದೇಬಿಟ್ಟಳು. ಬಂಡೆಯೂ ಒಳಗೆ ಹೋಯಿತು, ಕಂಬಳಿಯೂ ಹೋಯಿತು. ಸಂಜೆಗೆ ಮೆರವಣಿಗೆ. ಚಾಚಾ ತಲೆಯ ಮೇಲೆ ಕೈಹೊತ್ತು ಕುಂತ. ಆಕೆ ತೂತಿನಿಂದ ಕಂಬಳಿ ಎಳೆದುಕೊಳ್ಳುತ್ತ ನಮ್ಮನ್ನೇ ಬೈದಳು: “ಎಂಥಾ ಕಲ್ಲು ತಂದೀರಿ? ಇದಿನ್ನೂ ಬಲಿತೇ ಇಲ್ಲ!”

ಎಮ್ಮೆಯ ಕಿವಿ

ಹಾನಗಲ್ಲಿನ ಕಡೆಯ ದೇಸಾಯರಿಗೆ ಗುಡ್ಡದ ಬುಡದಲ್ಲಿ ಒಂದು ಕೊಳವೂ ಬೇಕಾಯಿತು.

“ಸುತ್ತ ಹೊಳೀನ ಐತಲ್ರೀ,” ಎಂದೆ.

“ಅದು ಸರಕಾರದ್ದು. ಇದು ನಮ್ಮದು.”

ಕಟ್ಟಿದೆವು. ಬೀಗರನ್ನು ಕರೆತಂದು ತೋರಿಸುವ ಹೊತ್ತಿಗೆ ಸರಿಯಾಗಿ ಯಾರದೋ ಎಮ್ಮೆ ಹೊಳೆ ಬಿಟ್ಟು, ತೆಪ್ಪ ಹತ್ತಿ, ಕೊಳದಲ್ಲಿ ಹಾಯಾಗಿ ಮಲಗಿಬಿಟ್ಟಿತ್ತು. ಬೀಗರು ಬಲು ಸಿಟ್ಟಿನವರೆಂದು ಕೇಳಿದ್ದೆವು. ಮದುವೆ ಮುರಿದರೆ ನಮ್ಮ ಗತಿ ಏನು? ಅವರು ಕನ್ನಡಕ ಏರಿಸಿ ಗುಡ್ಡ ನೋಡಿದರು, ಕೊಳ ನೋಡಿದರು, ಎಮ್ಮೆಯನ್ನೂ ನೋಡಿದರು.

“ಭಾಳ ಚಲೋ ಮಾಡಿಸೀರಿ. ಎಮ್ಮಿ ಕಿವಿ ಅಷ್ಟ ಒಂದೀಟ ದೊಡ್ಡವಾದ್ವು.”

ದೇಸಾಯರು ನನ್ನ ಕಡೆ ಕೈ ತೋರಿಸಿದರು. “ಸಂಜೀ ಒಳಗ ಸಣ್ಣ ಮಾಡ್ತಾರ್ರಿ.”

ಗುಡ್ಡ ಮಾತಾಡಿದ್ದು

ಇದು ಹಿರೇಕೆರೂರಿನ ಕಡೆ, ಕುಮುದ್ವತಿ ಹೊಳೆಯಲ್ಲಿ. ನಮ್ಮ ಗುಡ್ಡದಿಂದ ನೀರು ಬೀಳಬೇಕೆಂದರೆ ಅದರ ಹೊಟ್ಟೆಯೊಳಗೆ ಒಬ್ಬ ಆಳು ಅಡಗಿ ಕುಂತು, ಹೊಳೆಯಿಂದ ನೀರೆತ್ತಿ ಮೇಲಿನ ಡಬ್ಬಿಗೆ ಸುರುವುತ್ತಲೇ ಇರಬೇಕು. ಅಂದು ಮದುವೆಯ ದಿಬ್ಬಣ ಹೊತ್ತ ತೆಪ್ಪ ನಡುಹೊಳೆಗೆ ಬಂದಾಗ ನೀರು ಸಣ್ಣಗಾಯಿತು, ಆಮೇಲೆ ನಿಂತೇಬಿಟ್ಟಿತು. ಅಪಶಕುನವೆಂದು ಹೆಣ್ಣಿನವರ ಮುಖ ಬಾಡಿತು. ಮದುಮಗಳು ಅಳತೊಡಗಿದಳು. ಆಕೆಯ ಅಜ್ಜಿಗೆ ತಡೆಯಲಿಲ್ಲ. ಎದ್ದು ಗುಡ್ಡಕ್ಕೆ ಕೈಮುಗಿದಳು.

“ಗಂಗವ್ವಾ, ನಮ್ಮ ಹುಡುಗಿ ಉಡಿ ಜಲ್ದಿ ತುಂಬಿ ಕೂಸು ಆಗತೈತೇನವ್ವಾ?”

ಗುಡ್ಡದೊಳಗಿಂದ ಏದುಸಿರು ಬಿಡುತ್ತ ಉತ್ತರ ಬಂತು: “ಒಬ್ಬನ ಕೈಲೆ ಆಗೂದಿಲ್ಲ! ಜಲ್ದಿ ಇನ್ನೊಬ್ಬನ್ನ ಕಳಸ್ರಿ!”

ಅಜ್ಜಿ ನಿಧಾನಕ್ಕೆ ತಿರುಗಿ ಮದುಮಗನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಅವನು ಬಾಸಿಂಗ ಸರಿಮಾಡಿಕೊಳ್ಳುತ್ತ ಗಾಬರಿಯಿಂದ ಎದ್ದುನಿಂತ.

“ಅಜ್ಜೀ, ನಾ ಇವತ್ತಷ್ಟ ಬಂದೇನ್ರಿ! ಒಂದೀಟ ತಡೀರಿ!”